ಗೋಡೌನ್ ತುಂಬಿದೆ, ಲಾರಿ ಖಾಲಿ ನಿಂತಿದೆ: ಭಟ್ಟಿ, ದಾಸ್ತಾನು, ಸಾಗಣೆಯ ತಾಳ ತಪ್ಪಿದಾಗ ದೋಷ ಹುಡುಕುವ ಬಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಬೆಳಗಿನ ಜಾವ ನಡೆದು ನೋಡಿ. ಹೊಟ್ಟಿನ ಬೆಂಕಿಯ ವಾಸನೆ, ಕಾದ ಮರಳಲ್ಲಿ ಅಕ್ಕಿ ಅರಳುವ ಚಟಪಟ ಸದ್ದು, ಜರಡಿ ಹಿಡಿವವರ ಕೈಯ ಚುರುಕು. ಮಾಲು ಮಾಡುವ ವಿದ್ಯೆಯಲ್ಲಿ ನಮ್ಮೂರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಷ್ಟ ಆಗುವುದು ಮಾಲು ಮಾಡಿದ ಮೇಲೆ. ಅರಳಿದ ಮಂಡಕ್ಕಿ ಗೋಡೌನ್ ಸೇರಿ, ಅಲ್ಲಿಂದ ಲಾರಿ ಹತ್ತಿ, ಹುಬ್ಬಳ್ಳಿಯದೋ ಬೆಂಗಳೂರಿನದೋ ಅಂಗಡಿ ಮುಟ್ಟುವ ದಾರಿಯಲ್ಲಿ ದುಡ್ಡು ಸೋರಿ ಹೋಗುತ್ತದೆ.

ನಾನು ಭಟ್ಟಿಗಳ ಲೆಕ್ಕ, ಲೋಡಿಂಗ್ ಎರಡನ್ನೂ ನೋಡಿಕೊಂಡು ಬಂದವನು. ನಡುವೆ ಕೆಲವು ವರ್ಷ ಚಳ್ಳಕೆರೆಯಲ್ಲಿ ಒಂದು ಶೇಂಗಾ ಎಣ್ಣೆ ಗಿರಣಿಯ ಲೆಕ್ಕವನ್ನೂ ಬರೆದಿದ್ದೇನೆ. ಎರಡೂ ಕಡೆ ಕಂಡದ್ದು ಒಂದೇ ಕಾಯಿಲೆ. ಮೂರು ಪುಸ್ತಕ ಇರುತ್ತವೆ: ಎಷ್ಟು ಮಾಡಿದೆವು ಎನ್ನುವ ಭಟ್ಟಿ ಪುಸ್ತಕ, ಎಷ್ಟಿದೆ ಎನ್ನುವ ದಾಸ್ತಾನು ಪುಸ್ತಕ, ಎಷ್ಟು ಕಳಿಸಿದೆವು ಎನ್ನುವ ಲಾರಿ ಪುಸ್ತಕ. ಒಂದೊಂದನ್ನೇ ತೆರೆದು ನೋಡಿದರೆ ಮೂರೂ ಸರಿ. ಭಟ್ಟಿಯವನು ಚೆನ್ನಾಗಿ ಮಾಡಿದ್ದಾನೆ, ಗೋಡೌನಿನವನು ಎಣಿಸಿ ಇಟ್ಟಿದ್ದಾನೆ, ಲಾರಿಯವನು ಕಡಿಮೆ ಬಾಡಿಗೆಗೆ ಒಪ್ಪಿಸಿದ್ದಾನೆ. ದೋಷ ಕೂತಿರುವುದು ಒಂದು ಪುಸ್ತಕ ಇನ್ನೊಂದನ್ನು ಮುಟ್ಟುವ ಜಾಗದಲ್ಲಿ, ಬೆಸುಗೆಯಲ್ಲಿ. ಹಾಗಾಗಿ ಈ ಬರಹದಲ್ಲಿ ಪ್ರತಿ ಲಕ್ಷಣಕ್ಕೂ ಆ ಬೆಸುಗೆಯನ್ನೇ ತಡವಿ ನೋಡುತ್ತೇವೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಬೇಕಾದ ಸಾಮಾನು: ಕಳೆದ ಎರಡು ತಿಂಗಳ ಮೂರೂ ಪುಸ್ತಕ, ಒಂದು ಸೀಮೆಸುಣ್ಣದ ಡಬ್ಬಿ, ಒಂದು ತೂಕದ ಯಂತ್ರ, ಹದಿನೈದು ದಿನದ ತಾಳ್ಮೆ. ಕಂಪ್ಯೂಟರ್ ಸದ್ಯಕ್ಕೆ ಬೇಡ.

ಲಕ್ಷಣ: ಗೋಡೌನ್ ತುಂಬಿದೆ, ಗಿರಾಕಿ ಕೇಳಿದ ಮಾಲು ಮಾತ್ರ ಇಲ್ಲ

ಇದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು. ಮಾಲೀಕರು ಕೂಡಲೇ ಭಟ್ಟಿಯವನ ಮೇಲೆ ಸಿಟ್ಟಾಗುತ್ತಾರೆ. ಸಿಟ್ಟಿಗೆ ಮುಂಚೆ ಹೆಸರು ನೋಡಿ. ನಾವು ಮಂಡಕ್ಕಿ ಎನ್ನುವುದನ್ನು ಉತ್ತರದವರು ಚುರುಮುರಿ ಎನ್ನುತ್ತಾರೆ, ಬೆಂಗಳೂರು ಮೈಸೂರು ಕಡೆಯವರು ಕಡ್ಲೆಪುರಿ ಎಂದೋ ಬರೀ ಪುರಿ ಎಂದೋ ಬರೆಸುತ್ತಾರೆ. ಅದರ ಮೇಲೆ ದಪ್ಪ, ಸಣ್ಣ, ಉಪ್ಪಿನದು, ಸಪ್ಪೆ. ಫೋನಿನಲ್ಲಿ ಆರ್ಡರ್ ತೆಗೆದುಕೊಂಡವನು 'ಪುರಿ, 60 ಚೀಲ' ಎಂದು ಬರೆದುಕೊಂಡರೆ ಗೋಡೌನಿನವನಿಗೆ ಯಾವ ರಾಶಿ ಎಂದು ತಿಳಿಯುವುದು ಹೇಗೆ? ಒಂದು ರಟ್ಟಿನ ಮೇಲೆ ನಿಮ್ಮಲ್ಲಿರುವ ಎಲ್ಲ ಬಗೆಗೂ ಒಂದೊಂದೇ ಹೆಸರು ಬರೆದು ಮೂರೂ ಮೇಜಿನ ಮುಂದೆ ತೂಗುಹಾಕಿ. ಗಿರಾಕಿ ಏನೇ ಕರೆಯಲಿ, ಪುಸ್ತಕಕ್ಕೆ ಹತ್ತುವುದು ಆ ಹೆಸರೇ.

ಎರಡನೆಯದು ಅಳತೆ. ಅಕ್ಕಿ ಬರುವುದು ಕ್ವಿಂಟಲ್ ಲೆಕ್ಕದಲ್ಲಿ. ಮಂಡಕ್ಕಿ ಹೋಗುವುದು ಚೀಲದ ಲೆಕ್ಕದಲ್ಲಿ. ಅಂಗಡಿಯಲ್ಲಿ ಮಾರುವುದು ಸೇರಿನಲ್ಲಿ. ಒಂದು ಕ್ವಿಂಟಲ್ ಅಕ್ಕಿಗೆ ಎಷ್ಟು ಚೀಲ ಎಂದು ನಿಮ್ಮಲ್ಲೇ ಮೂವರನ್ನು ಬೇರೆಬೇರೆಯಾಗಿ ಕೇಳಿ. ಮೂರು ಉತ್ತರ ಬಂದರೆ ದೋಷ ಅರ್ಧ ಸಿಕ್ಕಂತೆ. ಆಮೇಲೆ ಹತ್ತು ಚೀಲ ತೂಗಿ. ನಾನು ಒಮ್ಮೆ ತೂಗಿದಾಗ ಒಂದೇ ರಾಶಿಯ ಚೀಲಗಳಲ್ಲಿ ಒಂದೂವರೆ ಕಿಲೋ ವ್ಯತ್ಯಾಸ ಕಂಡಿತು. ಚೀಲ ತುಂಬುವ ಇಬ್ಬರಲ್ಲಿ ಒಬ್ಬರು ಮೂರು ಸಲ ಕುಟ್ಟಿ ತುಂಬುತ್ತಿದ್ದರು, ಇನ್ನೊಬ್ಬರು ಮಂಡಕ್ಕಿ ಮುರಿಯುತ್ತದೆಂದು ಕುಟ್ಟುತ್ತಲೇ ಇರಲಿಲ್ಲ. ಇಬ್ಬರ ತಪ್ಪೂ ಅಲ್ಲ. ಎಷ್ಟು ಕುಟ್ಟಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಮೂರನೆಯ ಪರೀಕ್ಷೆಗೆ ಸೀಮೆಸುಣ್ಣ. 'ಇದೆ' ಬೇರೆ, 'ಕೊಡಬಹುದು' ಬೇರೆ. ಗೋಡೌನಿನಲ್ಲಿ 500 ಚೀಲ ಇರಬಹುದು, ಅದರಲ್ಲಿ 380 ಈಗಾಗಲೇ ಯಾರಿಗೋ ಮಾತು ಕೊಟ್ಟದ್ದಾಗಿರಬಹುದು. ಮಾತು ಕೊಟ್ಟ ರಾಶಿಯ ಮೇಲೆ ಊರಿನ ಹೆಸರು, ಹೋಗುವ ದಿನ ಬರೆಯಿರಿ. ಗುರುತಿಲ್ಲದ್ದು ಮಾತ್ರ ಮಾರಲು ಇರುವ ಮಾಲು. ಈ ಒಂದು ಅಭ್ಯಾಸ ಎಷ್ಟೋ ಜಗಳ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಷ್ಟಾದರೂ ಲಕ್ಷಣ ಹೋಗದಿದ್ದರೆ ದೋಷ ಭಟ್ಟಿಯ ಸರದಿಯಲ್ಲಿದೆ ಎಂದರ್ಥ. ಬಗೆ ಬದಲಿಸಿದಾಗಲೆಲ್ಲ ಉಪ್ಪುನೀರಿನ ಹದ, ಜರಡಿ, ಕೈ ಕುದುರುವ ಹೊತ್ತು, ಎಲ್ಲ ಖರ್ಚೇ. ಹಾಗಾಗಿ ಭಟ್ಟಿಯವನು ಒಂದೇ ಬಗೆಯನ್ನು ನಾಲ್ಕು ದಿನ ಎಳೆಯುತ್ತಾನೆ. ಅವನ ಪುಸ್ತಕದಲ್ಲಿ ಅದು ಜಾಣತನ. ಗೋಡೌನ್ ಮಾತ್ರ ಒಂದೇ ಬಗೆಯಿಂದ ತುಂಬಿ ಉಳಿದ ಬಗೆಗಳು ಖಾಲಿಯಾಗುತ್ತವೆ. ಒಂದು ಸಲಕ್ಕೆ ಎಷ್ಟು ಮಾಡಬೇಕು ಎನ್ನುವುದಕ್ಕೆ ಹಳೆಯ ಸೂತ್ರವೊಂದಿದೆ. 1913ರಲ್ಲಿ ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಬರೆದದ್ದು. ವರ್ಷದ ಬೇಡಿಕೆಯನ್ನು ಒಂದು ಸಲದ ಬದಲಾವಣೆ ಖರ್ಚಿನಿಂದ ಗುಣಿಸಿ, ಎರಡು ಪಟ್ಟು ಮಾಡಿ, ಒಂದು ಚೀಲವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು.

ಸೂತ್ರಕ್ಕಿಂತ ಅದರ ಗುಣ ನಮಗೆ ಮುಖ್ಯ. ಸೂತ್ರ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಮಾಡಿದರೂ ಬದಲಾವಣೆ ಮತ್ತು ದಾಸ್ತಾನು ಖರ್ಚು ಸೇರಿ ಹೆಚ್ಚುವುದು ನೂರಕ್ಕೆ ಎಂಟರಷ್ಟೇ. ಅಂದರೆ ಲೆಕ್ಕ 270 ಚೀಲ ಎಂದರೆ, ನಿಮ್ಮ ಲಾರಿ 400 ಹಿಡಿದರೆ, ಧೈರ್ಯವಾಗಿ 400 ಮಾಡಿ ನೇರ ಲಾರಿಗೆ ಹತ್ತಿಸಿ. 270 ಮಾಡಿ, ಇನ್ನು 130ಕ್ಕಾಗಿ ಆರು ದಿನ ಕಾದು ಕೂರುವುದೇ ದುಬಾರಿ. ಇನ್ನೊಂದು ಕಡೆಗೆ ಜಾರುವುದು ಮಾತ್ರ ಕಷ್ಟ: ಅರ್ಧಕ್ಕೆ ಇಳಿಸಿದರೆ ಅದೇ ಖರ್ಚು ನೂರಕ್ಕೆ 25 ಏರುತ್ತದೆ. ಭಟ್ಟಿಯ ಸರದಿಯನ್ನು ಲಾರಿಯ ಹೊಟ್ಟೆಗೆ ಹೊಂದಿಸುವುದು ಈ ಬರಹದಲ್ಲಿ ನಾನು ಕೊಡುವ ಅತಿ ದೊಡ್ಡ ಸಲಹೆ.

ಲಕ್ಷಣ: ಲಾರಿ ಬಂದು ನಿಂತಿದೆ, ಮಾಲು ಇನ್ನೂ ಬಿಸಿ ಇದೆ

ಮೊದಲು ಗಡಿಯಾರ ನೋಡಿ. ಭಟ್ಟಿಯ ದಿನ ಬೆಳಗಿನ ಜಾವ ಶುರುವಾಗುತ್ತದೆ. ಗೋಡೌನಿನ ದಿನ ಹತ್ತಕ್ಕೆ. ಲಾರಿ ಬುಕ್ ಮಾಡುವವನ ದಿನ, ನಿಜ ಹೇಳಬೇಕೆಂದರೆ, ಊಟವಾದ ಮೇಲೆ. ಸಂಜೆ ಐದಕ್ಕೆ ಬಂದ ಆರ್ಡರ್ 'ನಾಳೆಗೆ' ಎಂದು ಬರೆದರೆ ಭಟ್ಟಿಯವನ ನಾಳೆ ಆಗಲೇ ತೀರ್ಮಾನವಾಗಿರುತ್ತದೆ, ಅಕ್ಕಿಗೆ ಉಪ್ಪುನೀರು ಹಾಕಿ ಆಗಿರುತ್ತದೆ. ಒಂದು ಹೊತ್ತು ಗೊತ್ತು ಮಾಡಿ: ಮಧ್ಯಾಹ್ನ ಎರಡರೊಳಗೆ ಬಂದ ಆರ್ಡರ್ ಮಾತ್ರ ನಾಳೆಯ ಭಟ್ಟಿಗೆ, ತಡವಾದದ್ದು ನಾಡಿದ್ದಿಗೆ. ಗಿರಾಕಿಗೂ ಅದನ್ನೇ ಹೇಳಿ. ಸುಳ್ಳು ಭರವಸೆಗಿಂತ ಒಂದು ದಿನ ತಡವಾದ ನಿಜವನ್ನು ಅವರು ಸಹಿಸಿಕೊಳ್ಳುತ್ತಾರೆ.

ಆಮೇಲೆ ಎರಡು ವಾರ ಬರೀ ಮೂರು ಸಮಯ ಬರೆಯಿರಿ: ಲಾರಿ ಬಂದದ್ದು, ಲೋಡ್ ಶುರುವಾದದ್ದು, ಹೊರಟದ್ದು. ಬಂದದ್ದಕ್ಕೂ ಲೋಡ್ ಶುರುವಿಗೂ ನಡುವೆ ಹೆಚ್ಚು ಹೊತ್ತು ಹೋಗುತ್ತಿದ್ದರೆ ಮಾಲು ತಯಾರಿರಲಿಲ್ಲ. ಲೋಡ್ ಶುರುವಿಗೂ ಹೊರಡುವುದಕ್ಕೂ ನಡುವೆ ಹೆಚ್ಚಾದರೆ ಹಮಾಲರು ಸಾಲದು ಅಥವಾ ಬೇಕಾದ ರಾಶಿ ಗೋಡೌನಿನ ಹಿಂದಿನ ಮೂಲೆಯಲ್ಲಿದೆ. ಎರಡೂ ಸರಿಯಿದ್ದು ಲಾರಿ ಬರುವುದೇ ತಡವಾದರೆ ತೊಂದರೆ ನಿಮ್ಮ ಬಾಗಿಲಾಚೆ ಇದೆ.

ಕಾಗದದ ಕಡೆಗೂ ಗಮನ ಇರಲಿ. ಚಳ್ಳಕೆರೆಯ ಗಿರಣಿಯಲ್ಲಿ ಎಣ್ಣೆಗೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಿನಲ್ಲಿ ಮಾಡಿಸುವ ಕಾಗದ, ಬೇಕಾಗುತ್ತಿತ್ತು. 50,000 ರೂಪಾಯಿ ಮೀರಿದ ತೆರಿಗೆಯ ಮಾಲಿಗೆ ಅದು ಕಡ್ಡಾಯ. ಲಾರಿ ನಂಬರ್ ತುಂಬಿದ ಮೇಲೆ ಅದರ ಅವಧಿ ಓಡತೊಡಗುತ್ತದೆ, ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ. ಟಿನ್ನುಗಳು ಇನ್ನೂ ಸೀಲ್ ಆಗದಿರುವಾಗಲೇ ನಂಬರ್ ತುಂಬಿಬಿಡುತ್ತಿದ್ದರು, ಅರ್ಧ ಅವಧಿ ಅಂಗಳದಲ್ಲೇ ಕಳೆಯುತ್ತಿತ್ತು. ಲೋಡ್ ಮುಗಿದು ಹಗ್ಗ ಬಿಗಿದ ಮೇಲೆ ಬಿಲ್ ಮಾಡಿ.

ಎಚ್ಚರಿಕೆ: ಲಾರಿ ಕಾಯುತ್ತಿದೆಯೆಂದು ಭಟ್ಟಿಯವರನ್ನು ಅವಸರ ಮಾಡಬೇಡಿ. ಮಂಡಕ್ಕಿ ಅರಳುವ ಮರಳು 200 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾದಿರುತ್ತದೆ. ದಣಿದ ಕೈ ಒಮ್ಮೆ ಜಾರಿದರೆ ಸುಟ್ಟ ಚರ್ಮ ವಾಪಸ್ ಬರುವುದಿಲ್ಲ. ಬಿಸಿ ಮಂಡಕ್ಕಿಯನ್ನು ಚೀಲಕ್ಕೆ ತುಂಬುವುದೂ ಬೇಡ, ಅದು ಒಳಗೇ ಬೆವರುತ್ತದೆ. ಹಾಗೆಯೇ ತಡವಾದದ್ದನ್ನು ಚಾಲಕನ ನಿದ್ದೆಯಿಂದ ಕಡಿಯಬೇಡಿ. ದಿನಕ್ಕೆ 8 ಗಂಟೆ ಚಾಲನೆ ಎಂಬ ಮಿತಿ ಕಾನೂನಿನಲ್ಲಿದೆ. ರಾತ್ರಿ ಹಿರಿಯೂರು ದಾಟುವ ಹೆದ್ದಾರಿಯಲ್ಲಿ ಕಣ್ಣು ಎಳೆದರೆ ಆಗುವುದನ್ನು ನಮ್ಮ ಜಿಲ್ಲೆಗಳವರು ಸಾಕಷ್ಟು ನೋಡಿದ್ದೇವೆ.

ಲಕ್ಷಣ: ಮಂಡಕ್ಕಿ ಮೆತ್ತಗಾಗಿದೆ ಎಂದು ಚೀಲ ವಾಪಸ್ ಬಂತು

ಒಂದು ಶ್ರಾವಣದಲ್ಲಿ ಹುಬ್ಬಳ್ಳಿಗೆ ಹೋದ 400 ಚೀಲದಲ್ಲಿ 140 ವಾಪಸ್ ಬಂದವು. ದಾರಿಯಲ್ಲಿ ಮಳೆ ಬಿದ್ದಿದೆ, ತಾಡಪಾಲು ಹರಿದಿದೆ ಎಂದು ಲಾರಿಯವನ ಮೇಲೆ ಹಾಕಿ ಬಾಡಿಗೆ ಹಿಡಿದಿಟ್ಟೆವು. ಅವನು ತಾಡಪಾಲನ್ನು ಅಂಗಳದಲ್ಲಿ ಬಿಡಿಸಿ ಹಾಸಿ, ನೀರು ಸುರಿದು ತೋರಿಸಿದ. ಒಂದು ಹನಿ ಕೆಳಗಿಳಿಯಲಿಲ್ಲ. ವಾಪಸ್ ಬಂದ ಚೀಲಗಳನ್ನು ಬಿಚ್ಚಿ ನೋಡಿದರೆ ಚೀಲದ ಬಾಯಿ ಕಟ್ಟಿದ ದಾರ ಬೇರೆ ಬಣ್ಣದ್ದು, ಹಿಂದಿನ ತಿಂಗಳು ಮುಗಿದು ಹೋಗಿದ್ದ ಹಸಿರು ದಾರ. ಮಾಲು ದಾರಿಯಲ್ಲಿ ಕೆಟ್ಟಿರಲಿಲ್ಲ. ನಮ್ಮ ಗೋಡೌನಿನ ಹಿಂದಿನ ಸಾಲಿನಲ್ಲೇ ಮುದಿಯಾಗಿತ್ತು. ಅವನ ಬಾಡಿಗೆ ಪೂರ್ತಿ ಕೊಟ್ಟೆವು. ಆ ಹಸಿರು ದಾರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಕೈಯಿಂದ. ಮುಂದಿನ ಸಾಲಿನ ಒಂದು ಚೀಲ, ಹಿಂದಿನ ಸಾಲಿನ ಒಂದು ಚೀಲ ಬಿಚ್ಚಿ ಒಂದೊಂದು ಹಿಡಿ ಅಂಗೈಯಲ್ಲಿ ಒತ್ತಿ. ಕರಕರ ಎಂದು ಪುಡಿಯಾದರೆ ಸರಿ, ಅವುಚಿಕೊಂಡು ಮತ್ತೆ ಉಬ್ಬಿದರೆ ನೀರು ಹಿಡಿದಿದೆ. ಎರಡೂ ಸಾಲು ಮೆತ್ತಗಿದ್ದರೆ ತೇವ ನೆಲದಿಂದಲೋ ಗೋಡೆಯಿಂದಲೋ ಬರುತ್ತಿದೆ. ಕೆಳಗೆ ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ಬಿಡಿ. ಹಿಂದಿನದು ಮಾತ್ರ ಮೆತ್ತಗಿದ್ದರೆ ಮೊದಲು ಬಂದದ್ದು ಮೊದಲು ಹೋಗುತ್ತಿಲ್ಲ. ಇದಕ್ಕೆ ಖರ್ಚಿಲ್ಲದ ಮದ್ದು, ವಾರಕ್ಕೊಂದು ಬಣ್ಣದ ದಾರ. ದಾರ ನೋಡಿದರೆ ಮಾಲಿನ ವಯಸ್ಸು ತಿಳಿಯುತ್ತದೆ, ಓದು ಬಾರದ ಹಮಾಲನಿಗೂ.

ಎರಡನೆಯ ಪರೀಕ್ಷೆ ಲೆಕ್ಕದ್ದು, ಅದೂ ಬಾಯಿಲೆಕ್ಕ. ಗೋಡೌನಿನಲ್ಲಿರುವ ಚೀಲವನ್ನು ದಿನಕ್ಕೆ ಹೋಗುವ ಚೀಲದಿಂದ ಭಾಗಿಸಿ. 900 ಇದ್ದು ದಿನಕ್ಕೆ 150 ಹೋದರೆ, ಒಂದು ಚೀಲ ಸರಾಸರಿ 6 ದಿನ ನಿಮ್ಮಲ್ಲಿ ಕೂರುತ್ತದೆ. ಜಾನ್ ಲಿಟಲ್ ಎಂಬವರು 1961ರಲ್ಲಿ ಇದನ್ನು ಗಣಿತದಿಂದ ಸಾಬೀತು ಮಾಡಿದ್ದರಿಂದ ಅವರ ಹೆಸರಿನಲ್ಲೇ ನಿಯಮವಾಗಿದೆ. ದಾರದ ಪ್ರಕಾರ ಚೀಲಗಳ ವಯಸ್ಸು ಹದಿನೈದು ದಿನ, ಲೆಕ್ಕದ ಪ್ರಕಾರ ಆರು ದಿನ ಬಂದರೆ, ಒಂದು ಭಾಗ ಮಾಲು ಓಡಾಡುತ್ತಿದೆ, ಇನ್ನೊಂದು ಭಾಗ ಅಲ್ಲೇ ಕೊಳೆಯುತ್ತಿದೆ.

ಎರಡೂ ಸರಿಯಿದ್ದರೆ ಬೆಸುಗೆಗೆ ಬನ್ನಿ: ದಾಸ್ತಾನನ್ನು ಯಾವ ರೂಪದಲ್ಲಿ ಇಟ್ಟಿದ್ದೀರಿ? ಅಕ್ಕಿ ತಿಂಗಳುಗಟ್ಟಲೆ ಇರುತ್ತದೆ. ಅರಳಿದರೆ ಆರೇಳು ಪಟ್ಟು ಜಾಗ ಹಿಡಿಯುತ್ತದೆ, ಮಳೆಗಾಲದಲ್ಲಿ ದಿನ ಎಣಿಸುತ್ತದೆ. ಹಾಗಿರುವಾಗ ಭಯಕ್ಕೆ ಇಡುವ ದಾಸ್ತಾನನ್ನು ಅಕ್ಕಿಯಾಗಿ ಇಡಿ, ಲಾರಿ ಗೊತ್ತಾದ ಮೇಲೆ ಮಂಡಕ್ಕಿ ಮಾಡಿ. ಭದ್ರಾ ನಾಲೆಯ ಭತ್ತ ವರ್ಷಕ್ಕೆ ಎರಡು ಸಲ ಮಾರುಕಟ್ಟೆಗೆ ಬರುತ್ತದೆ. ಖರೀದಿಯ ಲೆಕ್ಕ ಆ ಸುಗ್ಗಿಗಳನ್ನು ನೋಡಿಕೊಂಡಿರಲಿ, ಭಟ್ಟಿಯ ಲೆಕ್ಕ ಲಾರಿಯನ್ನು ನೋಡಿಕೊಂಡಿರಲಿ. ಎಣ್ಣೆ ಗಿರಣಿಯಲ್ಲೂ ಇದೇ ಮಾತು, ಕಾಳಾಗಿ ಇಡಬೇಕೋ ಎಣ್ಣೆಯಾಗಿ ಇಡಬೇಕೋ ಎಂದು. ಅಲ್ಲಿ ಮಾತ್ರ ಇನ್ನೊಂದು ಕಣ್ಣಿರಬೇಕು: ತೇವದ ಶೇಂಗಾಕ್ಕೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಬೂಸ್ಟಿನ ಕಾಳನ್ನು ಆರಿಸಿ ತೆಗೆಯದೆ ಗಾಣಕ್ಕೆ ಹಾಕಬೇಡಿ.

ಇಲ್ಲಿ ನಿಲ್ಲಿಸಿ: ಚೀಲ, ನೆಲ, ಸರದಿ ಎಲ್ಲ ಸರಿಪಡಿಸಿದ ಮೇಲೂ ಮಾಲು ಮೆತ್ತಗಾದರೆ ಅದು ಯೋಜನೆಯ ದೋಷವಲ್ಲ, ಅಕ್ಕಿಯ ಹದದ್ದೋ ಚೀಲದ್ದೋ. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇರುವುದೇ ಇಂಥ ಆಹಾರದ ತೊಡಕುಗಳಿಗೆ. ಮಾದರಿ ಇಟ್ಟುಕೊಂಡು ಅಲ್ಲಿಯ ತಜ್ಞರನ್ನು ಕೇಳಿ.

ಎಚ್ಚರಿಕೆ, ಇದನ್ನು ಎರಡು ಸಲ ಓದಿ: ಹಳೆಯ ದಾಸ್ತಾನಿಗೆ ಹುಳು ಬಿತ್ತೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ನೀವೇ ಇಡಬೇಡಿ. ತೇವ ತಾಕಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಉಸಿರಾಡಿದರೆ ಪ್ರಾಣ ಹೋಗುತ್ತದೆ, ಮದ್ದಿಲ್ಲ. ಆ ಕೆಲಸ ಪರವಾನಗಿ ಇರುವವರದು. ಮಾತ್ರೆ ಇಟ್ಟ ಗೋಡೌನಿನ ಬಾಗಿಲನ್ನು ಅವರು ಹೇಳುವ ತನಕ ತೆರೆಯಬಾರದು, ಪಕ್ಕದಲ್ಲಿ ಯಾರೂ ಮಲಗಬಾರದು.

ಲಕ್ಷಣ: ಹಬ್ಬದ ವಾರ ಆರ್ಡರ್ ಎರಡರಷ್ಟು, ಮುಂದಿನ ವಾರ ಫೋನೇ ಇಲ್ಲ

ನಾಗರಪಂಚಮಿ, ದಸರಾ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಜನ ನಿಜವಾಗಿ ಹೆಚ್ಚು ತಿನ್ನುತ್ತಾರೆ, ಅದು ನಿಜ. ಆದರೆ ಅಂಗಡಿಯಲ್ಲಿ ಮಾರಾಟ ಒಂದಕ್ಕೆ ಒಂದೂವರೆ ಆದರೆ ಭಟ್ಟಿಗೆ ಬರುವ ಆರ್ಡರ್ ಒಂದಕ್ಕೆ ಮೂರಾಗುತ್ತದೆ. ಚಾಟಿಯ ಹಿಡಿ ಒಂದು ಗೇಣು ಅಲುಗಿದರೆ ತುದಿ ಆಳೆತ್ತರ ಜಿಗಿಯುತ್ತದಲ್ಲ, ಹಾಗೆ. ಜೇ ಫಾರೆಸ್ಟರ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲೇ ಇದನ್ನು ತೋರಿಸಿದ್ದರು. 1997ರಲ್ಲಿ ಹಾವ್ ಲೀ ಎಂಬ ಸಂಶೋಧಕರು ಮತ್ತು ಸಂಗಡಿಗರು ನಾಲ್ಕು ಕಾರಣ ಬಿಡಿಸಿ ಹೇಳಿದರು: ಪ್ರತಿಯೊಬ್ಬರೂ ತಮ್ಮ ತಮ್ಮ ಅಂದಾಜನ್ನು ಉಬ್ಬಿಸುವುದು, ಆರ್ಡರನ್ನು ಕೂಡಿಹಾಕಿ ಒಟ್ಟಿಗೆ ಕೊಡುವುದು, ದರ ಏರಿಳಿತಕ್ಕೆ ತುಂಬಿಕೊಳ್ಳುವುದು, ಕೊರತೆ ಬರುತ್ತದೆಂದು ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು.

ಕೊನೆಯದು ನಮ್ಮ ಕಡೆ ಬಲು ಜೋರು. ಕಳೆದ ಪಂಚಮಿಗೆ ಸಿಗಲಿಲ್ಲವೆಂದು ಈ ಸಲ ಅಂಗಡಿಯವರು ಮೂರು ಭಟ್ಟಿಗೆ ಒಂದೇ ಆರ್ಡರ್ ಹೇಳಿರುತ್ತಾರೆ. ಯಾರದು ಮೊದಲು ಬಂತೋ ಅದನ್ನು ಇಳಿಸಿಕೊಂಡು ಉಳಿದದ್ದಕ್ಕೆ 'ಬೇಡ' ಎನ್ನುತ್ತಾರೆ. ಪರೀಕ್ಷೆ ಸುಲಭ. ಗಿರಾಕಿಗೆ ಫೋನ್ ಮಾಡಿ 'ಎಷ್ಟು ಬೇಕು' ಎಂದು ಕೇಳಬೇಡಿ. 'ನಿನ್ನೆ ಎಷ್ಟು ಚೀಲ ಬಿಚ್ಚಿದಿರಿ, ಈಗ ಎಷ್ಟು ಉಳಿದಿದೆ' ಎಂದು ಕೇಳಿ. ಹತ್ತು ದೊಡ್ಡ ಗಿರಾಕಿಗಳನ್ನು ವಾರಕ್ಕೆ ಎರಡು ಸಲ ಹೀಗೆ ಕೇಳಿ ಬರೆದಿಟ್ಟರೆ ಆರ್ಡರಿನ ಗದ್ದಲದ ಅಡಿಯಲ್ಲಿರುವ ನಿಜವಾದ ಮಾರಾಟ ಕಾಣತೊಡಗುತ್ತದೆ. ಹಬ್ಬದ ಆರ್ಡರಿಗೆ ಸ್ವಲ್ಪ ಮುಂಗಡ ಕೇಳಿ. ಮುಂಗಡ ಕೇಳಿದ ಕೂಡಲೇ ಅರ್ಧಕ್ಕಿಳಿಯುವ ಆರ್ಡರ್ ನಿಜವಾದದ್ದಲ್ಲ.

ನಿಜವಾದ ಏರಿಕೆಗೂ ಲೆಕ್ಕ ಬೇಕು. ಭಟ್ಟಿ ದಿನಕ್ಕೆ ಹೆಚ್ಚೆಂದರೆ 200 ಚೀಲ ಮಾಡುತ್ತದೆ, ಮಾಮೂಲು ಮಾರಾಟ 150, ಹಬ್ಬದ ಆರು ದಿನ 300 ಬೇಕು ಎಂದುಕೊಳ್ಳಿ. ಬೇಕಾದ್ದು 1,800, ಆಗುವುದು 1,200. ಉಳಿದ 600ನ್ನು ದಿನಕ್ಕೆ 50ರಂತೆ ಹನ್ನೆರಡು ದಿನ ಮುಂಚಿನಿಂದ ಕೂಡಿಡಬೇಕು. ಪಂಚಮಿ ಬರುವುದು ಶ್ರಾವಣದ ಹಸಿ ಹವೆಯಲ್ಲಿ, ಹನ್ನೆರಡು ದಿನ ಬರೀ ಗೋಣಿಚೀಲದಲ್ಲಿಟ್ಟರೆ ಕೆಡುತ್ತದೆ. ಹಾಗಾಗಿ ಕೂಡಿಡುವ ಆ 600 ಚೀಲಕ್ಕೆ ಮಾತ್ರ ಒಳಗೆ ಪ್ಲಾಸ್ಟಿಕ್ ಹಾಳೆ, ಗಾಳಿಯಾಡದ ಕಟ್ಟು. ಹಬ್ಬದ ಮೊದಲ ಲಾರಿಗೆ ಹತ್ತುವುದು ಅವೇ. ಇಷ್ಟನ್ನು ಹಬ್ಬಕ್ಕೆ ಮೂರು ವಾರ ಮುಂಚೆ ಭಟ್ಟಿಯವ, ಗೋಡೌನಿನವ, ಲಾರಿಯವ ಒಂದೇ ಚಾಪೆಯ ಮೇಲೆ ಕೂತು ಮಾತಾಡಬೇಕು.

ಲಕ್ಷಣ: ದಾಸ್ತಾನು ಇಟ್ಟಷ್ಟೂ ಸಾಲದು

ಹುಬ್ಬಳ್ಳಿಯ ಮಳಿಗೆಯಲ್ಲಿ ದಿನಕ್ಕೆ ಸರಾಸರಿ 120 ಚೀಲ ಹೋಗುತ್ತದೆ, ಏರಿಳಿತ ಸುಮಾರು 30. ಹೇಳಿಕಳಿಸಿದ ಮೇಲೆ ಮಾಲು ಮುಟ್ಟಲು 4 ದಿನ. ನೂರರಲ್ಲಿ 95 ಸಲ ಖಾಲಿಯಾಗದಂತೆ ಕಾಯಲು ಸಂಖ್ಯಾಶಾಸ್ತ್ರದ ಪಟ್ಟಿ ಕೊಡುವ ಅಂಕಿ 1.65. ಅದನ್ನು 30ರಿಂದ, ಆಮೇಲೆ 4ರ ವರ್ಗಮೂಲ 2ರಿಂದ ಗುಣಿಸಿ. 99, ಅಂದರೆ ನೂರು ಚೀಲ ಕಾವಲಿಗೆ ಸಾಕು. ಆದರೂ ಖಾಲಿಯಾಗುತ್ತದೆ. ಮಾಲೀಕರು ಇನ್ನೂ ನೂರು ಇಡುತ್ತಾರೆ, ಬಾಡಿಗೆ ಜಾಗ ಹುಡುಕುತ್ತಾರೆ.

ಇಲ್ಲಿ ತಪ್ಪಿರುವುದು ಬೇಡಿಕೆಯ ಅಂದಾಜಲ್ಲ. ಲಾರಿ ಪುಸ್ತಕ ತೆರೆದು ನೋಡಿ: 4 ದಿನ ಎಂದದ್ದು ಒಮ್ಮೆ 3, ಒಮ್ಮೆ 5, ಒಮ್ಮೆ 6. ಸಾಗಣೆಯ ದಿನದಲ್ಲಿ ಒಂದು ದಿನದ ಏರಿಳಿತ ಇದ್ದರೂ ಲೆಕ್ಕ ಬದಲಾಗುತ್ತದೆ. ಬೇಡಿಕೆಯ ಏರಿಳಿತದ ವರ್ಗ 900ನ್ನು 4ರಿಂದ ಗುಣಿಸಿದರೆ 3,600. ದಿನದ ಮಾರಾಟ 120ರ ವರ್ಗವನ್ನು ಸಾಗಣೆಯ ಏರಿಳಿತ 1ರ ವರ್ಗದಿಂದ ಗುಣಿಸಿದರೆ 14,400. ಕೂಡಿಸಿದರೆ 18,000, ಅದರ ವರ್ಗಮೂಲ 134. 1.65ರಿಂದ ಗುಣಿಸಿದರೆ 221 ಚೀಲ. ಲಾರಿ ಒಂದು ದಿನ ಆಚೀಚೆ ಆಗುವುದಕ್ಕೇ ನಿಮ್ಮ ಕಾವಲು ದಾಸ್ತಾನು ಎರಡು ಪಟ್ಟಿಗೂ ಮೀರಿತು. ನನಗೆ ಇದು ಅರ್ಥವಾದ ದಿನ ಬಾಡಿಗೆಯ ಲೆಕ್ಕವನ್ನೇ ಬೇರೆ ಕಣ್ಣಿಂದ ನೋಡತೊಡಗಿದೆ. ಟ್ರಿಪ್ಪಿಗೆ ಐನೂರು ಹೆಚ್ಚು ಕೇಳಿದರೂ ಹೇಳಿದ ದಿನ ಬರುವ ಲಾರಿ ಅಗ್ಗ. ಸಾಗಣೆಯಲ್ಲಿ ಉಳಿಸಿದ್ದು ಗೋಡೌನಿನಲ್ಲಿ ಹೋಗುತ್ತಿದ್ದರೆ ಯಾವ ಪುಸ್ತಕವೂ ಅದನ್ನು ತೋರಿಸುವುದಿಲ್ಲ.

ಮಂಗಳವಾರ, ಶುಕ್ರವಾರ ಎಂದು ಹುಬ್ಬಳ್ಳಿಗೆ ವಾರ ಗೊತ್ತು ಮಾಡಿ. ದಿನ ಖಾಯಂ ಆದರೆ ಲಾರಿಯವನಿಗೂ ವಾಪಸ್ ಲೋಡ್ ಹುಡುಕಿಕೊಳ್ಳಲು ಬರುತ್ತದೆ, ಅವನೂ ಬಾಡಿಗೆ ಇಳಿಸುತ್ತಾನೆ.

ಲಕ್ಷಣ: ಲಾರಿ ತುಂಬಿದಂತೆ ಕಾಣುತ್ತದೆ, ಬಾಡಿಗೆ ಮಾತ್ರ ಲಾಭ ನುಂಗುತ್ತದೆ

ಮಂಡಕ್ಕಿಯ ಲಾರಿ ಜಾಗದಲ್ಲಿ ತುಂಬುತ್ತದೆ, ತೂಕದಲ್ಲಿ ತುಂಬುವುದಿಲ್ಲ. ತೂಕದ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ ನೋಡಿ, ಬಾಡಿಗೆ ಕೊಟ್ಟ ಶಕ್ತಿಯಲ್ಲಿ ಎಷ್ಟು ವ್ಯರ್ಥ ಎಂದು ತಿಳಿಯುತ್ತದೆ. ಅದೇ ಊರಿಗೆ ಅವಲಕ್ಕಿ ಹೋಗುತ್ತಿದ್ದರೆ ಅಡಿಯಲ್ಲಿ ಅವಲಕ್ಕಿ, ಮೇಲೆ ಮಂಡಕ್ಕಿ ಹಾಕಿ. ಜಾಗವೂ ತೂಕವೂ ಒಟ್ಟಿಗೆ ತುಂಬುತ್ತವೆ. ಪಕ್ಕದ ಭಟ್ಟಿಯವರ ಜೊತೆ ಲಾರಿ ಹಂಚಿಕೊಳ್ಳುವುದಕ್ಕೂ ಸಂಕೋಚ ಬೇಡ. ಎಣ್ಣೆ ಟಿನ್ನಿನ ಜೊತೆ ಮಾತ್ರ ಹಾಕಬೇಡಿ, ಮಂಡಕ್ಕಿ ವಾಸನೆ ಹೀರುತ್ತದೆ, ಒಂದು ಟಿನ್ ಸೋರಿದರೆ ಇಡೀ ಸಾಲು ಹಾಳು.

ಎಚ್ಚರಿಕೆ: ಹಗುರ ಮಾಲೆಂದು ಎತ್ತರಕ್ಕೆ ಪೇರಿಸಿ ಬದಿಗೆ ಚಾಚಬೇಡಿ. ತಗ್ಗಿನ ವಿದ್ಯುತ್ ತಂತಿ ತಾಕಿದರೆ ಮೇಲೆ ಕೂತ ಹುಡುಗನ ಜೀವ ಹೋಗುತ್ತದೆ. ಲೋಡಿನ ಮೇಲೆ ಯಾರನ್ನೂ ಕೂರಿಸಲೇಬೇಡಿ. ಭಾರದ ಮಾಲಿನವರು ಇನ್ನೊಂದು ನೆನಪಿಡಿ: 2019ರ ತಿದ್ದುಪಡಿಯ ಮೇಲೆ ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಲಕ್ಷಣ: ಮಾಲು ಓಡುತ್ತಿದೆ, ರೊಕ್ಕ ಬರುತ್ತಿಲ್ಲ

ಇದು ಅರ್ಧ ನಮ್ಮ ವಿಷಯ, ಅರ್ಧ ಉದ್ರಿಯ ವಿಷಯ. ಬಾಕಿ ಉಳಿಸಿಕೊಂಡ ಗಿರಾಕಿಗೇ ಮೊದಲು ಲಾರಿ ಹೋಗುತ್ತಿದೆಯೇ ಎಂದು ಮಾತ್ರ ನೋಡಿ; ಆರ್ಡರ್ ಪುಸ್ತಕದ ಪಕ್ಕ ಬಾಕಿ ಪುಸ್ತಕ ಇಟ್ಟರೆ ಸಾಕು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನೋಂದಣಿ ಇಲ್ಲದಿದ್ದರೆ ಇಂದೇ ಮಾಡಿಸಿ, ಮಿಕ್ಕದ್ದನ್ನು ಆಡಿಟರ್ ಹತ್ತಿರ ಮಾತಾಡಿ.

ಲಕ್ಷಣ: ಸಾಫ್ಟ್‌ವೇರ್ ಹಾಕಿಸಿದ ಮೇಲೆ ಇನ್ನೂ ಗೊಂದಲ

ಮೇಲಿನ ಪರೀಕ್ಷೆ ಮಾಡದೆ ಸಾಫ್ಟ್‌ವೇರ್ ಕೊಂಡರೆ ಮೂರು ಪುಸ್ತಕದ ಜಗಳ ಒಂದು ಪರದೆಗೆ ಬರುತ್ತದೆ, ಅಷ್ಟೇ. ಗೋಡೌನಿನಲ್ಲಿ ಎಣಿಸಿದ್ದಕ್ಕೂ ಪರದೆಯ ಸಂಖ್ಯೆಗೂ ವಾರಕ್ಕೊಮ್ಮೆ ತಾಳೆ ನೋಡಿ. ಸತತ ನಾಲ್ಕು ವಾರ ತಾಳೆಯಾಗುವ ತನಕ ಅದು ಕೊಡುವ ಯಾವ ಯೋಜನೆಯನ್ನೂ ನಂಬಬೇಡಿ.

ನಾಲ್ಕಾರು ಬಗೆ, ನಾಲ್ಕಾರು ಊರು ಇರುವ ತನಕ ಒಂದು ಹಾಳೆ ಸಾಕು. ಎಡಗಡೆ ಊರು ಮತ್ತು ಲಾರಿಯ ದಿನ, ನಡುವೆ ಕೊಡಬಹುದಾದ ದಾಸ್ತಾನು, ಬಲಗಡೆ ಭಟ್ಟಿಯ ಸರದಿ. ತುಂಬುವುದು ಎಡದಿಂದ: ಲಾರಿ ಯಾವತ್ತು ಎಂದು ಬರೆದ ಮೇಲೆ ಏನಿದೆ ಎಂದು ಬರೆಯಿರಿ, ಅದಾದ ಮೇಲೆ ಏನು ಮಾಡಬೇಕು ಎಂದು. ನಮ್ಮಲ್ಲಿ ಬಹಳ ಮಂದಿ ಬಲದಿಂದ ತುಂಬುತ್ತಾರೆ, ಮಾಡಿದ್ದನ್ನು ಕಳಿಸಲು ಹೊರಡುತ್ತಾರೆ.

ಬಗೆ ಇಪ್ಪತ್ತು ದಾಟಿ, ಭಟ್ಟಿ ಮೂರಾಗಿ, ಊರು ಹದಿನೈದಾದರೆ ಹಾಳೆ ಸೋಲುತ್ತದೆ. ಆಗ ಹೊರಗಿನ ಸಹಾಯ ತೆಗೆದುಕೊಳ್ಳುವುದೇ ಸರಿ. ಎಷ್ಟು ಮಾಡಬೇಕು, ಎಲ್ಲಿ ಎಷ್ಟಿಡಬೇಕು, ಯಾವ ಲಾರಿ ಯಾವ ದಾರಿಯಲ್ಲಿ ಎನ್ನುವ ಮೂರನ್ನೂ ಒಟ್ಟಿಗೆ ಬಿಡಿಸುವುದು ಗಣಿತದಲ್ಲೂ ಕಠಿಣವಾದ ಲೆಕ್ಕ. ಮುಂದೆ ಬೆಂಗಳೂರಿನ ಐಐಎಂ ನಿರ್ದೇಶಕರಾದ ಪಂಕಜ್ ಚಂದ್ರ ಅವರು ಮಾರ್ಷಲ್ ಫಿಶರ್ ಜೊತೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಯಾರಿಕೆ ಮತ್ತು ಸಾಗಣೆಯನ್ನು ಬೇರೆಬೇರೆ ಯೋಜಿಸುವ ಬದಲು ಒಟ್ಟಿಗೆ ಯೋಜಿಸಿದಾಗ ಒಟ್ಟು ಖರ್ಚು ನೂರಕ್ಕೆ 3ರಿಂದ 20ರ ತನಕ ಇಳಿದಿತ್ತು. ಎಲ್ಲರಿಗೂ 20 ಸಿಗುವುದಿಲ್ಲ. ಸಾಗಣೆ ಖರ್ಚು ದೊಡ್ಡದಿದ್ದು, ಬಗೆಗಳು ಹೆಚ್ಚಿದ್ದು, ಭಟ್ಟಿಗೆ ಸರದಿ ಬದಲಿಸಲು ಸ್ವಲ್ಪ ಬಿಡುವಿದ್ದರೆ ಲಾಭ ಹೆಚ್ಚು. ಭಟ್ಟಿ ಹಗಲೂ ರಾತ್ರಿ ಉಸಿರು ಕಟ್ಟಿ ಓಡುತ್ತಿದ್ದರೆ ಯಾವ ಯೋಜನೆಗೂ ಅಲುಗಾಡಲು ಜಾಗವಿರುವುದಿಲ್ಲ.

ಊರಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ, 1951ರಿಂದ ಇರುವ ಯುಬಿಡಿಟಿಯೂ ಸೇರಿ. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತಾರೆ. ಅವರನ್ನು ಕರೆಯುವಾಗ ಕೈಯಲ್ಲಿ ಇವಿಷ್ಟು ಇರಲಿ: ಎರಡು ತಿಂಗಳ ಮೂರೂ ಪುಸ್ತಕ, ಒಂದೇ ಹೆಸರುಗಳ ರಟ್ಟು, ಹತ್ತು ಚೀಲದ ತೂಕ, ಲಾರಿಯ ಮೂರು ಸಮಯಗಳ ಪಟ್ಟಿ. ಅವರನ್ನು ಮೊದಲ ದಿನ ಆಫೀಸಿಗೆ ಕರೆದುಕೊಂಡು ಹೋಗಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿಗೆ ಕರೆಯಿರಿ, ಹತ್ತಕ್ಕೆ ಗೋಡೌನಿಗೆ, ಸಂಜೆ ಲೋಡಿಂಗ್ ಹೊತ್ತಿಗೆ ಲಾರಿಯ ಹತ್ತಿರ ನಿಲ್ಲಿಸಿ.